ಕಂಬಳಿಯ ಕೆಂಪು ಹೊಲಿಗೆ

ಬಸವಮ್ಮನೆಂಬ ಹೆಂಗಸೊಬ್ಬಳು ಹಾರನಹಳ್ಳಿಯಲ್ಲಿದ್ದಾಳೆಂದು ಚಿಕ್ಕಮಾದಮ್ಮನ ಕಿವಿಗೆ ಬಿದ್ದದ್ದು ಮಠದ ಅಡುಗೆಮನೆಯಲ್ಲಿ, ರಾಗಿ ಕೇರುತ್ತಿದ್ದ ದಿನ. ಗತಿಸಿ ಹತ್ತು ವರ್ಷವಾಗಿದ್ದ ಮಠದ ಗುರು ಗುಡ್ಡೆ ಅಜ್ಜಯ್ಯನ ಚರಿತ್ರೆಯನ್ನು ಉಮಾಶಂಕರ ಮೇಷ್ಟ್ರು ಬರೆಯುತ್ತಿದ್ದರು. "ಯಾರೋ ಮುದುಕಿ ತಾನೇ ಅಜ್ಜಯ್ಯನ ಹೆಂಡ್ತಿ ಅಂತಾಳಂತೆ. ಅರಳುಮರಳು," ಎಂದು ನಕ್ಕರು. ಅಜ್ಜಯ್ಯ ಬಾಲಬ್ರಹ್ಮಚಾರಿ ಎಂದು ಊರೆಲ್ಲ ನಂಬಿತ್ತು.

ಚಿಕ್ಕಮಾದಮ್ಮ ನಗಲಿಲ್ಲ. ಗಂಡ ಸತ್ತ ಮೇಲೆ ಮಠದ ಕೆಲಸಕ್ಕೆ ಸೇರಿ, ಇಪ್ಪತ್ತೆರಡು ವರ್ಷ ಅಜ್ಜಯ್ಯನ ಕಂಬಳಿ ಒಗೆದವಳು ಅವಳು. ಮರುದಿನವೇ ಬಸ್ಸು ಹತ್ತಿದಳು.

ಎಂಬತ್ತು ದಾಟಿದ ಬಸವಮ್ಮ ಜಗಲಿಯಲ್ಲಿ ಕೂತು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದಳು. "ಮಠದೋಳಾ? ಬಯ್ಯೋಕೆ ಬಂದಿದ್ರೆ ಸೊಪ್ಪು ಕಟ್ತಾ ಕಟ್ತಾ ಬಯ್ಯಿ," ಎಂದು ಒಂದು ಕಂತೆಯನ್ನು ಮುಂದೆ ತಳ್ಳಿದಳು.

ಚಿಕ್ಕಮಾದಮ್ಮ ಕಟ್ಟತೊಡಗಿದಳು. "ಅವ್ವ, ಅಜ್ಜಯ್ಯನ ಕಂಬಳೀಲಿ ಮೂರು ಕೆಂಪು ಗುರುತವೆ. ಅದೇನು, ಯೋಳಿ."

ಹುಲಿ ಉಗುರು ತಾಗಿದ ಜಾಗವೆಂದು ಭಕ್ತರು ಅವನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಮೇಷ್ಟ್ರು ಅದಕ್ಕೊಂದು ಅಧ್ಯಾಯವನ್ನೇ ಬರೆದಿದ್ದರು.

ಬಸವಮ್ಮ ಕೆಮ್ಮು ಬರುವಷ್ಟು ನಕ್ಕಳು. "ಹುಲಿನಾ! ಬೀಡಿ ಕಿಡಿ ಕಣವ್ವ. ನಮ್ಮಪ್ಪ ಮದ್ವೆಗೆ ಕೊಟ್ಟ ಕಂಬಳೀನ ಮೂರು ಕಡೆ ಸುಟ್ಕಂಡು ಬಂದಿದ್ದ. ನನ್ ಧಾರೆ ಸೀರೆಯಿಂದ ಹಸಿರು ಚೂರು ಹರ್ದು, ಹಿಂದಿಟ್ಟು ಕೆಂಪು ದಾರದಲ್ಲಿ ಹೊಲ್ದೆ. ಆರು ತಿಂಗ್ಳಿಗೆ ಅದ್ನೇ ಹೊದ್ಕಂಡು ಹೋದ. ತಿರುಗಿ ಬರ್ನಿಲ್ಲ."

ಚಿಕ್ಕಮಾದಮ್ಮನ ಕೈ ನಿಂತಿತು. ಹೊಲಿಗೆಯ ಹಿಂದೆ ಹಸಿರು ಬಟ್ಟೆಯಿರುವುದು ಒಗೆಯುವವಳಿಗಲ್ಲದೆ ಇನ್ನಾರಿಗೂ ಗೊತ್ತಿರಲಿಲ್ಲ.

ಸಂಜೆ ಮಠಕ್ಕೆ ಮರಳಿ ಮೇಷ್ಟ್ರ ಮುಂದೆ ಕಂಬಳಿಯನ್ನು ಮಗುಚಿ ಹಾಸಿದಳು. ಅವರು ಹಸಿರು ಚೂರುಗಳನ್ನು ಮುಟ್ಟಿ ನೋಡಿದರು. "ಭಕ್ತರ ಮನಸ್ಸು ನೋಯುತ್ತೆ ಚಿಕ್ಕಮಾದಮ್ಮ. ಬೇಕಾದ್ರೆ ಪೂರ್ವಾಶ್ರಮದ ತಂಗಿ ಅಂತ ಬರೀತೀನಿ."

"ತಾಳಿ ಕಟ್ಟಿದೋಳ್ನ ತಂಗಿ ಮಾಡ್ತೀರಾ ಮೇಷ್ಟ್ರೇ? ಅಜ್ಜಯ್ಯಂಗೆ ಇದಕ್ಕಿಂತ ಕೆಟ್ಟೆಸ್ರು ಬೇಕಾ?"

ಮೇಷ್ಟ್ರು ಕಂಬಳಿಯನ್ನು ಮೊದಲಿನಂತೆ ಮಗುಚಿಟ್ಟರು.

"ಅಂಗಾರೆ ಕಂಬಳಿ ಒಗೆಯೋಕೆ ಬೇರೆಯೋರ್ನ ನೋಡ್ಕಳಿ. ಯಾಕೆ ಬುಟ್ಟೆ ಅಂತ ಕೇಳ್ದೋರ್ಗೆಲ್ಲ ಯೋಳ್ತೀನಿ," ಎಂದು ಅವಳು ಎದ್ದು ಹೋದಳು. ಮಠಕ್ಕೆ ಮತ್ತೆ ಕಾಲಿಡಲಿಲ್ಲ.

ಎಂಟು ದಿನದ ಮೇಲೆ ಮೇಷ್ಟ್ರೇ ಅವಳ ಬಾಗಿಲಿಗೆ ಬಂದರು. "ತಂಗಿ ಅಂತ ಬರೆಯೋಕೆ ಕೈ ಬರ್ಲಿಲ್ಲ. ನಡಿ, ಹಾರನಹಳ್ಳಿಗೆ ಹೋಗಿಬರೋಣ."

ಅಷ್ಟರಲ್ಲಿ ಬಸವಮ್ಮ ಹಾಸಿಗೆ ಹಿಡಿದಿದ್ದಳು. ಮಾತು ಮಾತ್ರ ಗಟ್ಟಿಯಿತ್ತು. "ಬುಟ್ಟೋದ ಅಂತ ಬರೀರಿ. ಹಸಿದೋರ್ಗೆ ಹಿಟ್ಟಿಕ್ಕಿದ ಅಂತ್ಲೂ ಬರೀರಿ. ಎಲ್ಡೂ ಅವ್ನೇ. ನಾನು ಅತ್ಕಂಡು ಕೂತಿದ್ದೆ ಅಂತ ಮಾತ್ರ ಬರೀಬೇಡಿ. ನಾಕೆಕ್ರೆ ಸೊಪ್ಪು ಬೆಳ್ದಿವ್ನಿ."

ಮೇಷ್ಟ್ರು ಒಂದೊಂದು ಮಾತನ್ನೂ ಬರೆದುಕೊಂಡು ಹೊರಗೆ ಹೋದರು. ಬಸವಮ್ಮ ಚಿಕ್ಕಮಾದಮ್ಮನ ಸೆರಗು ಹಿಡಿದಳು.

"ನೀನು ಎರಡ್ನೇ ಕಳಾಸು ಓದಿದ್ದೀಯಂತಲ್ಲ. ಪುಸ್ತಕ ಬಂದ್ ದಿಸ, ನಾನಿದ್ರೂ ಸೈ, ಇಲ್ದಿದ್ರೂ ಸೈ, ಈ ಜಗಲೀಲಿ ಕೂತ್ಕಂಡು ನನ್ ಎಸ್ರಿರೋ ಪುಟವ ಬೀದಿಗೆಲ್ಲ ಕೇಳಂಗೆ ಓದು. ತಡವರಿಸ್ಕಂಡಾದ್ರೂ ಓದು. ಒಂದಕ್ಸರಾನೂ ಬುಡ್ಬೇಡ."