ಉಗುರಿನ ಮೇಲಿನ ಗಡುವು

ನಮ್ಮ ಮೈಸೂರಿನ ಶಾಯಿಯಿಂದ ಆಫ್ರಿಕಾದ ಒಂದು ದೇಶಕ್ಕೆ ಶಾಂತಿ ಬಂತು ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಇದರಲ್ಲಿ ಶಾಯಿಯೊಂದನ್ನು ಬಿಟ್ಟರೆ ಉಳಿದದ್ದರ ಬಗ್ಗೆ ನನಗೆ ತಕರಾರಿದೆ.

ಕಳೆದ ಶನಿವಾರ ಸ್ಯಾನ್ ಹೊಸೆಯಿಂದ ಊಟಕ್ಕೆ ಬಂದವರೊಬ್ಬರು, ಮತ ಹಾಕಿದ ತಮ್ಮ ತಾಯಿ ಊರಿನಿಂದ ಕಳಿಸಿದ ಫೋಟೋ ತೋರಿಸಿದರು. ಮುಂದೆ ಗುರುತಿನ ಬೆರಳು, ಹಿಂದೆ ನಗುಮುಖ. ಆರು ತಿಂಗಳಿಗೆಂದು ಚಿಕ್ಕಪ್ಪನ ಜೊತೆ ಸ್ಯಾನ್ ರಮೋನ್‌ನ ನಮ್ಮ ಮನೆಗೆ ಬಂದಿರುವ ಚಿಕ್ಕಮ್ಮನಿಗೆ ಅಷ್ಟೇ ಸಾಕಾಯಿತು.

“ನಮ್ಮನೆಯವರು ಮಿಲಿಟರೀಲಿದ್ದಾಗ ಶಾಂತಿಪಡೆಗೆ ಅಂತ ಹೋಗಿದ್ರಲ್ಲ, ಅಲ್ಲಿಗೆ ಬಂದಿದ್ದೂ ಇದೇ ಇಂಕು! ಯುದ್ಧ ಮುಗಿದ್ಮೇಲೆ ಮೊದಲನೇ ಎಲೆಕ್ಷನ್ನು. ಇವ್ರೇ ನಿಂತು ಮಾಡಿಸಿದ್ದು.”

“ಇವರೊಬ್ರೇನಾ ಚಿಕ್ಕಮ್ಮ? ಅಕ್ಕಪಕ್ಕದ ದೇಶದವರು ಸುಮ್ನೆ ನೋಡ್ತಾ ಕೂತಿದ್ರಾ?”

“ಬಂದ್ಲಪ್ಪ ಲಾಯರಮ್ಮ. ಮೊದ್ಲು ಹಪ್ಪಳ ತಿನ್ನು.”

ಎಲ್ಲರೂ ನಕ್ಕರು. ಚಿಕ್ಕಪ್ಪ ಮಾತ್ರ ತಟ್ಟೆಯಲ್ಲಿ ಅನ್ನ ಬಿಟ್ಟು ಕೈತೊಳೆಯಲು ಎದ್ದರು.

ನನ್ನ ಜೊತೆ ಬಾಳುವುದು ಸುಲಭವಲ್ಲ, ಒಪ್ಪುತ್ತೇನೆ. ಹೈಸ್ಕೂಲಿನ ನಾಲ್ಕೂ ವರ್ಷ ಡಿಬೇಟ್ ತಂಡದಲ್ಲಿದ್ದೆ. ಸಾರಿಗೆ ಉಪ್ಪು ಸಾಲದು ಎಂದು ಅಪ್ಪ ಹೇಳಿದರೂ ಪುರಾವೆ ಕೇಳುತ್ತಿದ್ದೆ. ಒಂದು ವರ್ಷ ನಮಗೆ ಬಂದ ವಿಷಯ: ಯುದ್ಧದಿಂದ ಎದ್ದ ದೇಶದ ಚುನಾವಣೆಗೆ ನೆರೆಯ ದೇಶಗಳು ಹೊಣೆ ಹೊರಬೇಕೇ? ನನ್ನ ಪಾಲಿಗೆ ‘ಹೌದು’ ಎನ್ನುವ ಪಕ್ಷ. ಮೈಸೂರಿಗೆ ಫೋನ್ ಮಾಡಿ ಚಿಕ್ಕಪ್ಪ ಹೇಳಿದ್ದನ್ನೆಲ್ಲ ಟೈಪ್ ಮಾಡಿಕೊಂಡೆ.

ನೆರೆಯ ದೇಶಗಳ ಒಕ್ಕೂಟ ಕಳಿಸಿದ್ದ ವಯಸ್ಸಾದ ರಾಯಭಾರಿಯೊಬ್ಬರು ಚಿಕ್ಕಪ್ಪನ ಪಡೆ ಇದ್ದ ಊರಿನ ಶಾಲೆಯಲ್ಲಿ ಎರಡೂ ಬಣದ ನಾಯಕರನ್ನು ನಾಲ್ಕು ದಿನ ಎದುರುಬದುರು ಕೂರಿಸಿದರಂತೆ. ಉಳಿದೆಲ್ಲ ಬಗೆಹರಿದರೂ ಮಾತು ಬೆರಳಿಗೆ ಬಂದು ನಿಂತಿತು. ಚುನಾವಣೆಯೇ ಬೇಡವೆಂದು ಕಾಡಿನಲ್ಲಿ ಉಳಿದಿದ್ದ ಬಂದೂಕಿನವರು ಗುರುತು ಕಂಡರೆ ಬಿಡುವುದಿಲ್ಲ ಎಂದು ಜನ ಹೆದರಿದ್ದರು. ಆ ಶಾಯಿ ಎಷ್ಟು ದಿನ ಉಳಿಯುತ್ತದೆ ಎಂದು ರಾಯಭಾರಿ ಕಾವಲಿಗೆ ನಿಂತಿದ್ದ ಚಿಕ್ಕಪ್ಪನನ್ನು ಕೇಳಿದರು. ತಮ್ಮೂರಿನ ಸರಕು, ಕೇಳಬೇಕೇ! ಚರ್ಮದ ಮೇಲಿನದು ಬೇಗ ಮಾಸುತ್ತದೆ, ಉಗುರಿನ ಮೇಲಿನದು ಮಾತ್ರ ಏನು ತಿಕ್ಕಿದರೂ ಹೋಗದು, ಉಗುರು ಬೆಳೆದೇ ಹೋಗಬೇಕು ಎಂದು ಚಿಕ್ಕಪ್ಪ ಜಂಬದಿಂದಲೇ ಹೇಳಿದರು. ಹೇಳಿದ ಮೇಲೆ ಸುತ್ತಲಿದ್ದವರ ಮುಖ ನೋಡಿದರು.

ರಾಯಭಾರಿ ಒಪ್ಪಂದಕ್ಕೆ ಒಂದು ಸಾಲು ಸೇರಿಸಿದರು: ಉಗುರಿನ ಗುರುತು ಹೋಗುವ ತನಕ ಶಾಂತಿಪಡೆ ಊರು ಬಿಡಬಾರದು. ಪಡೆಯ ಮೇಲಿನವರೂ ಒಪ್ಪಿದರು. ಶಾಲೆಯ ಮೇಷ್ಟ್ರು ಮತಗಟ್ಟೆಯ ಹೊಣೆ ಹೊತ್ತದ್ದೂ, ಎಲ್ಲರಿಗಿಂತ ಮೊದಲು ಬೆರಳು ಚಾಚಿದ್ದೂ ಆ ಸಾಲನ್ನು ನಂಬಿ. ಆದರೂ ಮತದಾನದ ಹಿಂದಿನ ಸಂಜೆ ಅವರು ಇನ್ನೊಮ್ಮೆ ಕೇಳಿದರಂತೆ, “ಇರುತ್ತೀರಲ್ಲ?” ಚಿಕ್ಕಪ್ಪ “ಇರುತ್ತೇವೆ” ಎಂದರು.

ಮತದಾನವಾದ ಹನ್ನೊಂದನೆಯ ದಿನ ಪಡೆಯನ್ನು ಬೇರೆ ಜಿಲ್ಲೆಗೆ ಕಳಿಸಿದರು.

ಡಿಬೇಟಿನಲ್ಲಿ ಒಂದು ಪದ್ಧತಿಯಿದೆ. ಪುರಾವೆಯ ಇಡೀ ಪುಟ ಕೈಯಲ್ಲಿರಬೇಕು, ಆದರೆ ಬೇಕಾದ ಸಾಲುಗಳಿಗಷ್ಟೇ ಬಣ್ಣ ಬಳಿದು, ಅವನ್ನು ಮಾತ್ರ ಓದುವುದು. ಮೋಸವಲ್ಲ, ನಿಯಮವೇ ಹಾಗೆ. ನಾನು ‘ಇರುತ್ತೇವೆ’ಯ ತನಕ ಹಳದಿ ಬಳಿದೆ. ಗೆದ್ದೆ. ಎದುರು ತಂಡದವರು ಮುಂದಿನ ಸಾಲು ಕೇಳಿಯಾರು ಎಂದು ಹೆದರಿದ್ದು ನೆನಪಿದೆ. ಅವರು ಕೇಳಲಿಲ್ಲ. ಆಮೇಲೇನಾಯಿತೆಂದು ನಾನಾದರೂ ಚಿಕ್ಕಪ್ಪನನ್ನು ಕೇಳಬಹುದಿತ್ತಲ್ಲ ಎನ್ನುತ್ತೀರಾ? ಗೆದ್ದವಳಿಗೆ ಅಷ್ಟು ಪುರುಸೊತ್ತೆಲ್ಲಿ.

ಶನಿವಾರ ಅತಿಥಿಗಳು ಹೊರಟ ಮೇಲೆ ಚಿಕ್ಕಪ್ಪ ಫೋನ್ ಹಿಡಿದು ನನ್ನ ಕೋಣೆಗೆ ಬಂದರು. ಮೇಷ್ಟ್ರ ಮಗಳು ಹೇಗೋ ಇವರನ್ನು ಪತ್ತೆಮಾಡಿ ಬರೆದಿದ್ದಾಳೆ. ಪಡೆ ಹೋದ ಎರಡನೆಯ ದಿನ ಅಪ್ಪನನ್ನು ಮನೆಯಿಂದ ಕರೆದೊಯ್ದರು, ಇವತ್ತಿನವರೆಗೂ ಸುದ್ದಿಯಿಲ್ಲ. ನೀವು ಹೊರಡುವ ವಿಷಯ ಅಪ್ಪನಿಗೆ ಯಾರಾದರೂ ಮೊದಲೇ ತಿಳಿಸಿದ್ದರೇ? ಅಷ್ಟೇ ಅವಳ ಪ್ರಶ್ನೆ.

“ನೀನು ಚೆನ್ನಾಗಿ ವಾದ ಮಾಡ್ತೀಯ ಕಣಮ್ಮ. ಒಕ್ಕೂಟದವರು ಏನಂದ್ರು, ಮೇಲಿಂದ ಏನು ಆರ್ಡರಾಯ್ತು, ಎಲ್ಲ ಸೇರಿಸಿ ಒಂದು ಉತ್ತರ ಬರ್ಕೊಡು.”

“ನಿಮ್ಮ ಕೈಲಿ ಏನೂ ಇರ್ಲಿಲ್ಲ ಅಂತ ಬರೀಲಾ?”

“ಹೂಂ, ಹಂಗೇ ಬರಿ.”

ಅಂಥದ್ದು ನನಗೆ ಹತ್ತು ನಿಮಿಷದ ಕೆಲಸ. ಮೊದಲ ಸಾಲು ಬರೆದೂ ಆಯಿತು. ಓದಿ ನೋಡಿದೆ, ಅಳಿಸಿದೆ. ಚಿಕ್ಕಪ್ಪ ಮಂಚದ ಅಂಚಿನಲ್ಲಿ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದರು.

“ಚಿಕ್ಕಪ್ಪ, ಆವತ್ತು ಸಂಜೆ ಮೇಷ್ಟ್ರಿಗೆ ‘ಇರ್ತೀವಿ’ ಅಂದ್ರಲ್ಲ, ಅಷ್ಟೊತ್ತಿಗೆ ಹೊರಡೋ ಆರ್ಡರು ನಿಮ್ಮ ಕೈಗೆ ಬಂದಿತ್ತಾ?”