ಹುಬ್ಬಣ್ಣನ ಮೂರು ಏಟು

ಹೊನ್ನವಳ್ಳಿಯ ಮರುಳಸಿದ್ದಯ್ಯನನ್ನು ಊರವರು ಕಾಯಿ ಮೇಷ್ಟ್ರು ಅನ್ನುತ್ತಾರೆ. ಹಾಗಂತ ಆತ ಯಾವ ಸ್ಕೂಲಿನಲ್ಲೂ ಪಾಠ ಹೇಳಿದವನಲ್ಲ. ಓದಿದ್ದು ಎಸ್ಸೆಲ್ಸಿ, ಅದೂ ಗಣಿತವನ್ನು ಹೊರಗಿಟ್ಟು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ತೆಂಗಿನಕಾಯಿಯ ಕರಟ ಒಡೆದು, ಒಳಗಿನ ಕೊಬ್ಬರಿ ಗಿಟುಕನ್ನು ಒಂದು ಗೀರೂ ಬೀಳದ ಹಾಗೆ ಇಡಿಯಾಗಿ ಹೊರಗೆ ತೆಗೆಸುವುದು ಆತನ ಕಸುಬು. ಮನೆಯ ಪಕ್ಕದ ಶೆಡ್ಡಿನಲ್ಲಿ ಎಂಟು ಜನ ಹೆಂಗಸರು ಮಚ್ಚು ಹಿಡಿದು ಕೂರುತ್ತಾರೆ. ಅವರ ನಡುವೆ ಮರುಳಸಿದ್ದಯ್ಯ ಬೆನ್ನ ಹಿಂದೆ ಕೈಕಟ್ಟಿಕೊಂಡು ಓಡಾಡುತ್ತಾ ವಿದ್ಯೆ ಹೇಳಿಕೊಡುತ್ತಾನೆ.

ವಿದ್ಯೆ ಇಷ್ಟೇ. ಕಾಯಿಯನ್ನು ಎಡ ಅಂಗೈಯಲ್ಲಿ ಇಟ್ಟುಕೊಳ್ಳಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಗಿಟುಕು ಲೊಡಲೊಡ ಅಂದರೆ ಕರಟ ಬಿಟ್ಟಿದೆ ಎಂದು ಅರ್ಥ. ಆಮೇಲೆ ಮಚ್ಚಿನ ಹಿಂಬದಿಯಿಂದ ನಡುವಿಗೆ ಮೂರು ಏಟು, ಪ್ರತಿ ಏಟಿಗೂ ಕಾಯಿಯನ್ನು ಒಂದಿಷ್ಟು ತಿರುಗಿಸುತ್ತಾ. ಮೂರನೆಯದಕ್ಕೆ ಕರಟ ಎರಡು ಬಟ್ಟಲಾಗಿ ಬೇರೆಯಾಗಬೇಕು. ಇದಕ್ಕೆ ಆತ ಇಟ್ಟಿರುವ ಹೆಸರು ‘ಹುಬ್ಬಣ್ಣನ ಮೂರು ಏಟು’.

ಹುಬ್ಬಣ್ಣ ತಿಪಟೂರು ಕಡೆಯವನಲ್ಲ, ಚೀನಾದವನು. ಕುಂಗ್‌ಫೂ ಸಿನಿಮಾಗಳ ನಾಯಕ. ಆತನ ನಿಜವಾದ ಹೆಸರು ಒಂದೊಂದು ಪೋಸ್ಟರಿನಲ್ಲಿ ಒಂದೊಂದು ತರಹ ಇರುತ್ತಿದ್ದರಿಂದ ಜನ ಆ ಗೋಜೇ ಬೇಡವೆಂದು, ಎರಡು ಕಂಬಳಿಹುಳ ಮಲಗಿದಂತಿದ್ದ ಹುಬ್ಬುಗಳನ್ನು ನೋಡಿ ತಾವೇ ನಾಮಕರಣ ಮಾಡಿದ್ದರು. ಸಿನಿಮಾಗಳಿಗೂ ಅದೇ ಗತಿ. ಊಟದ ಬೆಂಚು ಎತ್ತಿಕೊಂಡು ಹದಿನೇಳು ಜನರನ್ನು ಬಡಿಯುವುದು ಬೆಂಚು ಪಿಚ್ಚರ್. ಗುರುವಿನ ಬಾವಿಯಿಂದ ಒಂದು ವರ್ಷ ನೀರು ಸೇದಿ ತೋಳು ಗಟ್ಟಿ ಮಾಡಿಕೊಳ್ಳುವುದು ಬಾವಿ ಪಿಚ್ಚರ್. ಕೊನೆಗಾಲದಲ್ಲಿ ಹೊಟ್ಟೆ ಬಂದ ಮೇಲೆ ಮಾಡಿದ್ದು ಛತ್ರಿ ಪಿಚ್ಚರ್. ಅದರಲ್ಲಿ ಹಾರಿ ಒದೆಯುವಾಗಲೆಲ್ಲ ಹುಬ್ಬಣ್ಣನ ಬೆನ್ನು ಮಾತ್ರ ಕಾಣುತ್ತದೆ. ಬೆನ್ನು ಮುಖಕ್ಕಿಂತ ಇಪ್ಪತ್ತು ವರ್ಷ ಚಿಕ್ಕದು.

ಛತ್ರಿ ಪಿಚ್ಚರ್ ದಂಡ ಎಂಬ ಒಂದು ವಿಷಯದಲ್ಲಿ ಮರುಳಸಿದ್ದಯ್ಯನಿಗೂ ಆತನ ಗೆಳೆಯ ವೆಂಕಟಯ್ಯನಿಗೂ ಒಮ್ಮತವಿತ್ತು. ಉಳಿದದ್ದರಲ್ಲಿ ಮೂವತ್ತೊಂಬತ್ತು ವರ್ಷದ ಜಗಳ. ವೆಂಕಟಯ್ಯ ತಿಪಟೂರಿನವನು, ಗೂಡ್ಸ್ ಆಟೋ ಓಡಿಸುತ್ತಾನೆ, ಶೆಡ್ಡಿನ ಕೊಬ್ಬರಿಯನ್ನು ಮಂಡಿಗೆ ಸಾಗಿಸುವುದೂ ಅವನೇ. ಮೂಟೆ ಏರಿಸಿ ಟೀ ಅಂಗಡಿಗೆ ಬಂದರೆ ಶುರು.

“ಬೆಂಚಿನ ಮುಂದೆ ನಿಂದು ಯಾವ್ದೂ ನಿಲ್ಲಾಕಿಲ್ಲ ಕಣ್ಲಾ. ಹದಿನೇಳು ಜನ! ಉಸ್ರೂ ಬಿಡಲ್ಲ ಆವಯ್ಯ,” ಅನ್ನುತ್ತಿದ್ದ ವೆಂಕಟಯ್ಯ.

“ಹದಿನೇಳು ಜನಕ್ಕೆ ಹೊಡ್ಯಾದು ನಮ್ಮ ಬಸ್ ಸ್ಟ್ಯಾಂಡಲ್ಲೂ ನಡೀತದೆ. ಗುರು ಅಂದ್ರೆ ಯಾರು, ವಿದ್ಯೆ ಅಂದ್ರೆ ಏನು, ಅದು ಇರಾದು ಕಾಯಿ ಪಿಚ್ಚರಲ್ಲಿ.”

“ಅದು ಬಾವಿ ಪಿಚ್ಚರ್ ಕಣ್ಲಾ! ಕಾಯಿ ಎಲ್ಲೈತೆ ಅದ್ರಲ್ಲಿ? ನಾನು ತಿಪಟೂರಲ್ಲಿ ನಾಕು ಸಲ ನೋಡಿವ್ನಿ.”

“ನೀನು ನಿದ್ದೆ ಹೊಡ್ದಿದ್ದೆ ಬುಡು.”

ಜಗಳದ ಗಂಟು ಇದೇ. ಎಂಬತ್ತೈದರ ಬೇಸಿಗೆಯಲ್ಲಿ ಹೊನ್ನವಳ್ಳಿಗೆ ಬಂದಿದ್ದ ಟೆಂಟ್ ಸಿನಿಮಾದಲ್ಲಿ ಹದಿನಾಲ್ಕರ ಮರುಳಸಿದ್ದಯ್ಯ ಬಾವಿ ಪಿಚ್ಚರ್ ನೋಡಿದ್ದ. ನಡುವೆ, ಗುರು ಕೈಯೆತ್ತಿ “ಕೇಳಿಸಿಕೋ” ಎಂಬಂತೆ ಕಿವಿ ಮುಟ್ಟಿ ತೋರಿಸುತ್ತಾನೆ. ತಕ್ಷಣ ಪರದೆ ಕಪ್ಪುಬಿಳುಪಾಗುತ್ತದೆ. ಕತ್ತಲೆಯ ಕೋಣೆ, ಮೇಲಿನಿಂದ ಬೀಳುವ ಬಿಸಿಲಿನ ಕೋಲು, ಅದರಲ್ಲಿ ಒಂದು ಕೈ. ಕೈ ತೆಂಗಿನಕಾಯಿ ಅಲ್ಲಾಡಿಸುತ್ತದೆ, ಮೂರು ಏಟು ಹಾಕುತ್ತದೆ, ಕರಟ ಬಿಚ್ಚಿಕೊಂಡು ಗಿಟುಕು ಹೊರಗೆ ಬರುತ್ತದೆ. ಮತ್ತೆ ಬಣ್ಣ. ಹುಬ್ಬಣ್ಣ ಎದುರಾಳಿಯ ಬುರುಡೆಗೆ ಲೆಕ್ಕಕ್ಕೆ ಸರಿಯಾಗಿ ಮೂರು ಏಟು ಕೊಡುತ್ತಾನೆ. ಟೆಂಟಿನವರೆಲ್ಲ ಶಿಳ್ಳೆ ಹಾಕಿದ್ದರು. ಮೈಕಿನಲ್ಲಿ ಕಥೆ ಹೇಳುತ್ತಿದ್ದ ಮ್ಯಾನೇಜರಂತೂ “ನೋಡ್ರಪ್ಪಾ, ಗುರುಗಳು ಗುಪ್ತವಿದ್ಯೆ ಧಾರೆ ಎರೀತಾವ್ರೆ” ಎಂದು ಸಾರಿದ್ದ.

ಮರುದಿನವೇ ಮರುಳಸಿದ್ದಯ್ಯ ಅಟ್ಟ ಹತ್ತಿ ಮೂರು ಏಟು ಅಭ್ಯಾಸ ಮಾಡಿದ. ಅಪ್ಪನ ಒಂದು ಮೂಟೆ ಕೊಬ್ಬರಿ ಚೂರು ಮಾಡಿ, ಅದಕ್ಕೆ ತಕ್ಕಷ್ಟು ಏಟು ತಾನೂ ತಿಂದ. ಆದರೆ ಹಿಡಿದ ಹಟ ಬಿಡಲಿಲ್ಲ, ಅದೇ ಕಸುಬಾಯಿತು. ಈಗ ಐವತ್ತಮೂರನೇ ವಯಸ್ಸಿಗೆ ಆತನ ಎದೆಯಲ್ಲಿದ್ದ ಸಂಕಟ ಒಂದೇ. ಅಂದು ಟೆಂಟಿನಲ್ಲಿದ್ದವರನ್ನು ಕೇಳಿದರೆ ಕೆಲವರು ಮರೆತೆ ಅನ್ನುತ್ತಿದ್ದರು, ಕೆಲವರು ಕೇಳೋಣವೆಂದರೆ ಬದುಕೇ ಇರಲಿಲ್ಲ. ತಾನು ಕಂಡದ್ದು ನಿಜ ಎನ್ನುವುದಕ್ಕೆ ಆತನಿಗೆ ಆತನೇ ಸಾಕ್ಷಿ. ಆಟೋ ಸ್ಟ್ಯಾಂಡಿನವರು ಯಾರಾದರೂ ಸುಳ್ಳು ಹೇಳಿದರೆ “ಕಾಯಿ ಪಿಚ್ಚರ್ ಬುಡಬ್ಯಾಡ ಕಣ್ಲಾ” ಅನ್ನುವಷ್ಟು ದೂರ ವಿಷಯ ಹೋಗಿತ್ತು.

ಹೀಗಿರುವಾಗ ವೆಂಕಟಯ್ಯನ ಮಗಳು ಮಧುಶ್ರೀ ಒಂದು ಸುದ್ದಿ ತಂದಳು. ತಿಪಟೂರಿನ ಕಾಲೇಜೊಂದರಲ್ಲಿ ಲೈಬ್ರರಿಯನ್ ಆಗಿದ್ದ ಅವಳು ಇಂಟರ್‌ನೆಟ್ಟಿನಲ್ಲಿ ಏನೋ ಹುಡುಕುತ್ತಿದ್ದಾಗ ಆ ಹುಬ್ಬುಗಳು ಕಂಡವಂತೆ. ಹಳೆಯ ಸಿನಿಮಾಗಳನ್ನು ಜೋಪಾನ ಮಾಡುವ ಯಾರೋ ಪುಣ್ಯಾತ್ಮರು ಬಾವಿ ಪಿಚ್ಚರನ್ನು ತೊಳೆದು ಬಳಿದು, ಒಂದು ಚೂರೂ ಕತ್ತರಿಸದೆ ಇಟ್ಟಿದ್ದರು.

“ಮಾಮ, ಭಾನುವಾರ ಬೆಳಗ್ಗೆ ನಮ್ಮ ಸೆಮಿನಾರ್ ಹಾಲಲ್ಲಿ ದೊಡ್ಡ ಪರದೆ ಮೇಲೆ ಹಾಕ್ತೀನಿ. ನೀವಿಬ್ರೂ ಒಂದು ತೀರ್ಮಾನಕ್ಕೆ ಬನ್ನಿ. ಮನೇಲಿ ಅಪ್ಪನ್ನ ತಡಕೊಳ್ಳೋಕಾಗ್ತಿಲ್ಲ,” ಅಂದಳು.

ಟೀ ಅಂಗಡಿಯಲ್ಲೇ ಪಂಥವಾಯಿತು. ಕಾಯಿ ಇದ್ದರೆ ವೆಂಕಟಯ್ಯ ಅದೇ ಅಂಗಡಿ ಮುಂದೆ ನಿಂತು ತಪ್ಪೊಪ್ಪಿಕೊಳ್ಳಬೇಕು. ಇಲ್ಲದಿದ್ದರೆ ಮರುಳಸಿದ್ದಯ್ಯ ಸೋಮವಾರ ಬೆಳಗ್ಗೆ ಎಲ್ಲರೆದುರು “ಹುಬ್ಬಣ್ಣನ ಪಿಚ್ಚರುಗಳಲ್ಲಿ ಬೆಂಚೇ ಶ್ರೇಷ್ಠ” ಎಂದು ಮೂರು ಸಲ ಹೇಳಬೇಕು.

ಮರುಳಸಿದ್ದಯ್ಯ ಗೆಲುವಿನ ಬಗ್ಗೆ ಎಷ್ಟು ಖಾತ್ರಿಯಾಗಿದ್ದನೆಂದರೆ ಶೆಡ್ಡಿನ ಎಂಟೂ ಹೆಂಗಸರನ್ನು ವೆಂಕಟಯ್ಯನ ಆಟೋದಲ್ಲೇ ಹತ್ತಿಸಿಕೊಂಡು ಹೋದ. “ನಿಮ್ಮ ವಿದ್ಯೆ ಎಲ್ಲಿಂದ ಬಂತು ಅಂತ ಕಣ್ಣಾರೆ ನೋಡ್ರಿ” ಎಂದು ಉಪದೇಶ ಬೇರೆ. ಹೆಂಡತಿ ದಾನೇಶ್ವರಿ ಇಸ್ತ್ರಿ ಮಾಡಿದ ಬಿಳಿ ಷರ್ಟು ಕೊಡುತ್ತಾ, “ರೀ, ಇಲ್ದೇ ಹೋದ್ರೆ ಮುಖ ಸಣ್ಣ ಮಾಡ್ಕಂಡು ಊಟ ಬಿಡಂಗಿಲ್ಲ, ಈಗ್ಲೇ ಹೇಳಿವ್ನಿ,” ಅಂದಿದ್ದಳು. ಅವಳೂ ಬಂದಳು.

ಹಾಲ್ ತಂಪಾಗಿತ್ತು. ಸಿನಿಮಾ ಶುರುವಾಯಿತು. ಹುಬ್ಬಣ್ಣ ನೀರು ಸೇದಿದ, ಕೊಡ ಒಡೆದ, ಬೈಸಿಕೊಂಡ. ಮರುಳಸಿದ್ದಯ್ಯನಿಗೆ ಪ್ರತಿಯೊಂದೂ ಬಾಯಿಪಾಠ. “ಈಗ ಬತ್ತದೆ, ಈಗ ಬತ್ತದೆ” ಎಂದು ಕುರ್ಚಿಯ ತುದಿಗೆ ಬಂದ. ಗುರು ಕೈಯೆತ್ತಿದ. ಕಿವಿ ಮುಟ್ಟಿದ.

ಮುಂದಿನ ದೃಶ್ಯದಲ್ಲಿ ಹುಬ್ಬಣ್ಣ ಎದುರಾಳಿಯ ಬುರುಡೆಗೆ ಮೂರು ಏಟು ಕೊಟ್ಟ.

ನಡುವೆ ಏನೂ ಇರಲಿಲ್ಲ. ಮರುಳಸಿದ್ದಯ್ಯ ಕಣ್ಣುಜ್ಜಿಕೊಂಡ. ಮಧುಶ್ರೀ ತಾನಾಗಿಯೇ ಹಿಂದಕ್ಕೆ ಓಡಿಸಿ ಮತ್ತೆ ತೋರಿಸಿದಳು. ಕೈ, ಕಿವಿ, ಬುರುಡೆ. ಮತ್ತೊಮ್ಮೆ. ಕೈ, ಕಿವಿ, ಬುರುಡೆ. ವೆಂಕಟಯ್ಯ ಮೂವತ್ತೊಂಬತ್ತು ವರ್ಷದಿಂದ ಕಾಯುತ್ತಿದ್ದ ಗಳಿಗೆ ಅದು. ಆದರೆ ಗೆಳೆಯನ ಮುಖ ನೋಡಿ ಅವನಿಗೆ ನಗುವುದಕ್ಕೇ ಆಗಲಿಲ್ಲ. “ಹೋಗ್ಲಿ ಬುಡ್ಲಾ, ಬಾವಿನೂ ಚೆನ್ನಾಗೈತೆ,” ಎಂದು ಗೊಣಗಿದ. ಅದು ಇನ್ನೂ ಕೆಟ್ಟದಾಗಿ ನಾಟಿತು.

ಮರುಳಸಿದ್ದಯ್ಯ ಎದ್ದು ಪರದೆಯ ಮುಂದೆ ನಿಂತ. ಹುಬ್ಬಣ್ಣನ ಒಂದು ಹುಬ್ಬು ಆತನ ಬಿಳಿ ಷರ್ಟಿನ ಮೇಲೆ ಬಿದ್ದಿತ್ತು.

“ನಾನು ಸುಳ್ಳು ಹೇಳೋನಲ್ಲ,” ಅಂದ. “ಕಪ್ಪುಬಿಳುಪಲ್ಲಿತ್ತು. ಫ್ಲ್ಯಾಶ್‌ಬ್ಯಾಕು, ಅದ್ಕೇ ಕಪ್ಪುಬಿಳುಪು. ಮೇಲಿಂದ ಬಿಸ್ಲು ಬೀಳ್ತಿತ್ತು. ಗುರುವಿನ ಕೈ. ಎಡಗೈ ಹೆಬ್ಬೆಟ್ಟಿನ ಮೇಲೆ ಒಂದು ಸುಟ್ಟ ಕಲೆ. ಮಣಿಕಟ್ಟಿಗೆ ಐದು ಕಬ್ಬಿಣದ ಉಂಗುರ, ಅಭ್ಯಾಸಕ್ಕೆ ಹಾಕ್ಕೊತಾರಲ್ಲ, ತೋಳಿಗೆ ಭಾರ ಇರ್ಲಿ ಅಂತ, ಆ ಉಂಗುರ. ಏಟು ಹಾಕ್ದಾಗೆಲ್ಲ ಗಲ್ ಗಲ್ ಅಂತಿದ್ವು.”

ಹೆಂಗಸರ ಸಾಲಿನಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ಇನ್ನೊಬ್ಬಳು ಸೆರಗು ಬಾಯಿಗಿಟ್ಟುಕೊಂಡಳು. ಸಾಲಿನ ತುದಿಯಲ್ಲಿದ್ದ ಸಿದ್ದಗಂಗಮ್ಮ ಮಾತ್ರ ನಗಲಿಲ್ಲ. ಅರವತ್ತೈದು ದಾಟಿದ ಆಕೆ ಹದಿನೈದು ವರ್ಷದಿಂದ ಶೆಡ್ಡಿಗೆ ಬರುತ್ತಿದ್ದಾಳೆ. ಮಾತು ಕಡಿಮೆ.

“ಮೇಷ್ಟ್ರೇ, ಅವು ಬಳೆ ಕಣ್ರೀ,” ಅಂದಳು.

“ಯಾವ್ದು ಗಂಗಕ್ಕ?”

“ಆ ಉಂಗ್ರ. ಗಲ್ ಅಂದ್ಮೇಲೆ ಬಳೆನೇ ಅಲ್ವರಾ? ಕಬ್ಣ ಎಲ್ಲಾದ್ರೂ ಗಲ್ ಅಂತದಾ?” ಆಕೆ ಎಡಗೈ ಚಾಚಿದಳು. ಹೆಬ್ಬೆಟ್ಟಿನ ಮೇಲೆ, ಹುರುಳಿಕಾಳಿನಷ್ಟು, ಹಳೆಯ ಸುಟ್ಟ ಕಲೆ. “ನನ್ ಮದ್ವೆಯಾದ ವರ್ಸ ಸರ್ಕಾರದೋರು ಜೀಪಲ್ಲಿ ಬಂದಿದ್ರು. ಕೊಬ್ಬರಿ ಎಂಗೆ ಮಾಡ್ತಾರೆ ಅಂತ ದೇಸಕ್ಕೆಲ್ಲ ತೋರುಸ್ಬೇಕಂತೆ. ನಮ್ಮಟ್ಟದ ಹೆಂಚು ತೆಗ್ಸಿ ಬಿಸ್ಲು ಬುಟ್ರು. ಮಖ ಬ್ಯಾಡ, ಕೈ ಸಾಕು ಅಂದ್ರು. ನಮ್ಮತ್ತೆಗೆ ಅದೇ ಸಿಟ್ಟು, ನಮ್ಮ ಸೊಸೆ ಮಖಕ್ಕೇನಾಗೈತೆ ಅಂತ.”

ಮೊದಲು ಬುದ್ಧಿ ಓಡಿದ್ದು ವೆಂಕಟಯ್ಯನದು.

“ಲೇ! ಆಗೆಲ್ಲ ಪಿಚ್ಚರ್‌ಗೆ ಮುಂಚೆ ಸರ್ಕಾರದ ನ್ಯೂಸ್ ರೀಲು ತೋರುಸ್ತಿರ್ಲಿಲ್ವಾ? ನಿಮ್ಮೂರ ಟೆಂಟಲ್ಲಿ ರೀಲು ಕಿತ್ತೋಗಿರ್ತದೆ. ಮ್ಯಾನೇಜರ್ ಅವಸರದಲ್ಲಿ ಸಿಕ್ಕಿದ್ದ ತುಂಡು ತಂದು ಅಂಟಿಸವ್ನೆ. ಆಮೇಲೆ ಮರ್ವಾದೆ ಹೋಯ್ತದೆ ಅಂತ ಮೈಕಲ್ಲಿ ಗುಪ್ತವಿದ್ಯೆ ಅಂತ ಬುಟ್ಟವ್ನೆ!”

ಮರುಳಸಿದ್ದಯ್ಯ ಕೂತುಬಿಟ್ಟ. ಪರದೆಯ ಮುಂದೆ ಕುರ್ಚಿ ಇರಲಿಲ್ಲ, ನೆಲದ ಮೇಲೆಯೇ ಕೂತ. ಹದಿನೈದು ವರ್ಷ ಈ ಹೆಂಗಸಿನ ಬೆನ್ನ ಹಿಂದೆ ನಿಂತು “ಹಂಗಲ್ಲ ಗಂಗಕ್ಕ, ಹುಬ್ಬಣ್ಣನ ಗುರು ಎಡಗೈನ ಇನ್ನೂ ಸ್ವಲ್ಪ ಓರೆ ಹಿಡೀತಿದ್ರು” ಎಂದು ತಿದ್ದಿದ್ದು ಒಂದೊಂದಾಗಿ ನೆನಪಾಯಿತು.

“ಅಲ್ಲವ್ವಾ, ಇಷ್ಟು ವರ್ಸದಿಂದ ಒಂದು ಮಾತು ಹೇಳ್ಬಾರ್ದಾ?”

“ನೀವು ಚೀನಾದೋನ ಕೈ ಅಂತಿದ್ರಿ,” ಅಂದಳು ಸಿದ್ದಗಂಗಮ್ಮ. “ನಾನೇನು ಚೀನಾದೋಳಾ?”

ಆಗ ಹಾಲ್‌ನಲ್ಲಿ ಎದ್ದ ನಗು ಹುಬ್ಬಣ್ಣನ ಮುಂದಿನ ಎರಡು ಹೊಡೆದಾಟಗಳನ್ನು ನುಂಗಿಹಾಕಿತು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಮರುಳಸಿದ್ದಯ್ಯನೇ. ಕಾಯಿ ಇತ್ತು. ಕೈ ಇತ್ತು. ತಾನು ಸುಳ್ಳ ಅಲ್ಲ. ಮೂರ್ಖ ಇರಬಹುದು, ಅದು ಬೇರೆ ಖಾತೆ.

ಆದರೂ ಪಂಥ ಪಂಥವೇ. ಸೋಮವಾರ ಬೆಳಗ್ಗೆ ಟೀ ಅಂಗಡಿ ಮುಂದೆ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, “ಹುಬ್ಬಣ್ಣನ ಪಿಚ್ಚರುಗಳಲ್ಲಿ ಬೆಂಚೇ ಶ್ರೇಷ್ಠ” ಎಂದು ಮೂರು ಸಲ ಹೇಳಿದ. ವೆಂಕಟಯ್ಯ ಗ್ಲಾಸು ಎತ್ತಿ ಸಂಭ್ರಮಿಸುವಷ್ಟರಲ್ಲಿ ಇನ್ನೊಂದು ಸೇರಿಸಿದ: “ಕಾಯಿ ಪಿಚ್ಚರ್ ಹುಬ್ಬಣ್ಣಂದಲ್ಲ, ಗಂಗಕ್ಕಂದು. ಅದು ಈ ಪೈಪೋಟಿಗೇ ಬರಾಕಿಲ್ಲ.”

“ಇದು ಮೋಸ ಕಣ್ಲಾ!” ಎಂದು ವೆಂಕಟಯ್ಯ ಕೂಗಾಡಿದ. ಆದರೆ ಒಂಬತ್ತು ಗಂಟೆಗೆಲ್ಲ ಆತನೇ ಆಟೋ ಸ್ಟ್ಯಾಂಡಿನಲ್ಲಿ, “ನಮ್ಮ ಮರುಳಸಿದ್ದ ಹೇಳಿದ್ದು ನಿಜ ಕಣ್ರಪ್ಪಾ, ಕಾಯಿ ಇತ್ತು, ನಾನೇ ವಿಚಾರ್ಸಿವ್ನಿ” ಎಂದು ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದ.

ಅತ್ತ ಶೆಡ್ಡಿನಲ್ಲಿ ಮರುಳಸಿದ್ದಯ್ಯ ಮೊದಲ ಸಲ ಕೈಕಟ್ಟಿ ಓಡಾಡದೆ, ಸಿದ್ದಗಂಗಮ್ಮನ ಎದುರು ಗೋಣಿಚೀಲ ಹಾಸಿಕೊಂಡು ಕೂತ. ಒಂದು ಕಾಯಿ ಆಯ್ದು, ಮಚ್ಚಿನ ಜೊತೆ ಎರಡೂ ಕೈಯಲ್ಲಿ ಕೊಟ್ಟ.

“ಅವತ್ತು ಮಾಡ್ದಂಗೆ ಒಂದು ಸಲ ಮಾಡ್ತೋರ್ಸವ್ವ. ಬಣ್ಣದಲ್ಲಿ ನೋಡ್ಬೇಕು.”

ಆಕೆ ಅಲ್ಲಾಡಿಸಿದಳು. ಕೇಳಿಸಿಕೊಂಡಳು. ಒಂದು, ಎರಡು, ಮೂರು. ಕರಟ ಬಿಚ್ಚಿತು. ಗಿಟುಕು ಇಡಿಯಾಗಿ ಬರದೆ, ಎರಡು ಹೋಳಾಗಿ ಆಕೆಯ ಮಡಿಲಿಗೆ ಬಿತ್ತು.

ಶೆಡ್ಡಿನಲ್ಲಿ ಎಲ್ಲರ ಮಚ್ಚುಗಳೂ ನಿಂತವು.

“ಅಂಗೇ ಆಗಿದ್ದು ಅವತ್ತೂ,” ಅಂದಳು ಸಿದ್ದಗಂಗಮ್ಮ, ಹೋಳುಗಳನ್ನು ಚೂರು ಹಾಕುವ ಮಂಕರಿಗೆ ಎಸೆಯುತ್ತಾ. “ಹನ್ನೊಂದು ಕಾಯಿ ಒಡ್ದೆ. ಹತ್ತು ಹೋಳಾದ್ವು. ಎದ್ರುಗಡೆ ಆ ಕ್ಯಾಮರ ಮಿಸನ್ನು ಇಟ್ಕಂಡು ಕುಂತ್ರೆ ಕೈ ನಡುಗಾಕಿಲ್ವಾ? ಹನ್ನೊಂದ್ನೇದು ಸರಿ ಬಂತು. ಅದೊಂದೇ ನಿಮ್ಗೆ ಕಂಡಿರಾದು.”

“ಮಿಕ್ಕಿದ್ದು ಹತ್ತು?”

“ಹೋಳ್ಗೆ ಮಾಡಿ ಕ್ಯಾಮರದೋರ್ಗೇ ಇಕ್ಕಿದ್ವಿ.”

ಮರುಳಸಿದ್ದಯ್ಯ ತಾನೂ ಒಂದು ಕಾಯಿ ತೆಗೆದುಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

“ಎಡಗೈ ಅಷ್ಟು ಓರೆ ಬ್ಯಾಡಿ ಮೇಷ್ಟ್ರೇ,” ಅಂದಳು ಆಕೆ. “ನೆಟ್ಗೆ ಇಡ್ಕಳಿ.”