ಪರ್ಚ್ ಮೀನಿನ ಮುಳ್ಳು

ಆ ಶನಿವಾರ ಬೆಳಿಗ್ಗೆ ರಿಸೈಕ್ಲಿಂಗ್ ಬಿನ್ ಹೊರಗಿಟ್ಟೆ. ದೋಸೆಗೆ ರುಬ್ಬಿ, ಹಿಟ್ಟು ಹುಳಿ ಬರಲೆಂದು ಓವನ್ನಿನ ದೀಪ ಹಾಕಿ ಒಳಗಿಟ್ಟೆ. ಒದ್ದೆ ಕಾಲುಚೀಲಗಳನ್ನು ರೇಡಿಯೇಟರ್ ಮೇಲೆ ಹರಡಿದೆ. ಫ್ಲಾಸ್ಕಿಗೆ ಚಹಾ ತುಂಬಿದೆ. ಗಂಡನ ಅಂಗಿಗೆ ಗುಂಡಿ ಹಾಕಿಕೊಟ್ಟೆ.

ಊರವರಿಗೆಲ್ಲ ಗುಂಡಿ ಹೊಲಿದುಕೊಡುವವರು ಅವರು. ಲಂಡನ್ನಿನ ಹೇಸ್‌ನ ಡ್ರೈಕ್ಲೀನಿಂಗ್ ಅಂಗಡಿಯೊಂದರಲ್ಲಿ ದರ್ಜಿ. ಬಲಗೈ ಮಣಿಕಟ್ಟಿನ ನರಕ್ಕೆ ಆಪರೇಷನ್ ಆಗಿ ಎರಡು ತಿಂಗಳು ಕಳೆದರೂ ತೋರುಬೆರಳಿನ ತುದಿ ಜೋಮು ಹಿಡಿದಂತೆಯೇ ಇತ್ತು. ಸ್ಪರ್ಶ ಮರಳಲು ಸಮಯ ಬೇಕು, ಕೆಲವರಿಗೆ ಪೂರ್ತಿ ಮರಳುವುದಿಲ್ಲ ಎಂದಿದ್ದರು ಡಾಕ್ಟರು. ಸೂಜಿ ತಾಗಿದ್ದು ತಿಳಿಯದ ದರ್ಜಿಯನ್ನು ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ? ಕೇಳಿದರೆ, "ಬರ್ತಾ ಉಂಟು ಮಾರಾಯ್ತಿ" ಎನ್ನುತ್ತಿದ್ದರು. ಆದರೆ ಹಿಂದಿನ ವಾರ ಕಾದ ಕಾವಲಿಗೆ ಆ ಬೆರಳು ತಾಗಿ ಚರ್ಮ ಸುಟ್ಟದ್ದು ಅವರಿಗೆ ಗೊತ್ತಾದದ್ದು ನಾನು ಕೂಗಿದ ಮೇಲೆ.

ರಜೆಯಲ್ಲಿ ಅವರು ನೋಡುತ್ತಿದ್ದದ್ದು ಅಮೆರಿಕದವರು ಚಳಿಗಾಲದ ಕೆರೆಯಲ್ಲಿ ಜಿಗ್ ಹಾಕಿ ಬಾಸ್ ಮೀನು ಹಿಡಿಯುವ ವಿಡಿಯೋಗಳನ್ನು. ಇಲ್ಲಿನ ಕೆರೆಗಳಲ್ಲಿ ಬಾಸ್ ಇಲ್ಲ, ಪರ್ಚ್ ಉಂಟು. ಜಿಗ್ ಎಂದರೆ ತಲೆಗೆ ಲೋಹದ ಗುಂಡು, ಮೈಗೆ ರಬ್ಬರಿನ ಮರಿಮೀನು ಸೇರಿಸಿದ ಗಾಳ. ತಳಕ್ಕೆ ಇಳಿಸಿ ಮೆಲ್ಲಗೆ ಕುಣಿಸಬೇಕು. ಚಳಿಗೆ ಮೀನು ಜೋರಾಗಿ ಎಳೆಯುವುದಿಲ್ಲ, ಸುಮ್ಮನೆ ಮುಟ್ಟುತ್ತದೆ. ಅದು ಬೆರಳಿಗೇ ತಿಳಿಯಬೇಕು. ಮೀನು ಹಿಡಿಯುವ ಲೈಸೆನ್ಸ್ ಮಾಡಿಸಿ ಆ ಶನಿವಾರ ಕೆರೆಗೆ ಹೊರಟೇಬಿಟ್ಟರು. ಬೆರಳು ಏನು ಹೇಳುತ್ತದೋ ನೋಡುವ ಎಂದು ನಾನೂ ಹೊರಟೆ.

ಕೆರೆಯ ದಡದಲ್ಲಿ ನಮ್ಮ ಪಕ್ಕ ಮಡಚುವ ಕುರ್ಚಿ ಹಾಕಿ ಕೂತ ಇಂಗ್ಲಿಷ್ ಅಜ್ಜ ತನ್ನ ಗಾಳದ ಕೋಲಿನ ತುದಿಯನ್ನೇ ನೋಡುತ್ತಿದ್ದ. ನಮ್ಮವರು ಊರಲ್ಲಿ ಉದ್ಯಾವರದ ಹೊಳೆಯಲ್ಲಿ ಕಲಿತ ರೂಢಿಯಂತೆ ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡು, ಎತ್ತಲೋ ನೋಡುತ್ತ ನಿಂತರು.

"ಬಂತು!" ಎಂದು ಎಳೆದರು. ಏನೂ ಇಲ್ಲ.

"ಎಂತ ಬಂತು?"

"ಮುಟ್ಟಿ ಹೋಯ್ತು."

ಎರಡನೆಯ ಸಲವೂ ಬಂತೆಂದೇ ಎಳೆದರು. ಬಂದದ್ದು ಒಂದು ಹಿಡಿ ಪಾಚಿ.

"ಪಲ್ಯಕ್ಕಾಯ್ತು ಬಿಡಿ."

"ನಿನ್ನ ಬಾಯಿಗೆ ಹೆದರಿ ಮೀನು ಓಡ್ತದೆ."

ನಕ್ಕೆ. ಆದರೆ ನನ್ನ ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದಾರೆ ಅನ್ನಿಸಿತು.

ಮೂರನೆಯ ಸಲ ಕೋಲು ಬಾಗಿತು. ಮೈಮೇಲೆ ಕಪ್ಪು ಪಟ್ಟೆ, ಕೆಂಪು ರೆಕ್ಕೆಗಳ ಪರ್ಚ್ ದಡಕ್ಕೆ ಬಂತು. ಸಿಕ್ಕ ಮೀನು ಮನೆಗೇ ಎಂಬುದರಲ್ಲಿ ನಮಗೆ ಸಂಶಯವೇ ಇರಲಿಲ್ಲ. ಉಪ್ಪು, ಅರಶಿನ ಬೆರೆಸಿ ತಂದಿದ್ದ ಐಸ್‌ಕ್ರೀಮ್ ಡಬ್ಬಿಯ ಮುಚ್ಚಳ ತೆಗೆದೆ. ಅಜ್ಜ ಕುರ್ಚಿಯಿಂದ ಎದ್ದೇಬಿಟ್ಟ.

"ನೋ, ನೋ, ಲವ್! ಹೀ ಗೋಸ್ ಬ್ಯಾಕ್!"

ಹಿಡಿದದ್ದನ್ನೆಲ್ಲ ನೀರಿಗೇ ಬಿಡಬೇಕಂತೆ, ಗೇಟಿನ ಬೋರ್ಡಿನಲ್ಲೇ ಬರೆದಿದೆಯಂತೆ. ನನಗೆ ಮುಖ ಎಲ್ಲಿಡಲಿ ಎಂದಾಯಿತು. ಇವರು ಗಡಿಬಿಡಿಯಲ್ಲಿ ಗಾಳ ಬಿಡಿಸಲು ಕೈಹಾಕಿದರು. ಮೀನು ಬೆನ್ನಿನ ಮುಳ್ಳು ನಿಮಿರಿಸಿತು.

"ಅಯ್ಯಯ್ಯೋ!" ಬೆರಳು ಬಾಯಿಗೆ ಹೋಯಿತು.

"ಯಾವ ಬೆರಳು?"

"ಮುಳ್ಳು ಮಾರಾಯ್ತಿ, ಉರೀತದೆ..."

"ಯಾವ ಬೆರಳು ಹೇಳಿ ಮಾರಾಯ್ರೇ!"

ಬಾಯಿಂದ ತೆಗೆದು ನೋಡಿಕೊಂಡರು. ತೋರುಬೆರಳೇ. ತುದಿಯಲ್ಲಿ ರಕ್ತದ ಚುಕ್ಕೆ.

"ನಿಜವಾಗಿ ಉರೀತದಾ?"

"ನಿನ್ನಾಣೆ. ಸೂಜಿ ಚುಚ್ಚಿದ ಹಾಗೇ."

ಗಾಯಕ್ಕೆ ಅಂಟಿಸುವ ಪ್ಲಾಸ್ಟರ್ ಹಿಡಿದು ಬಂದ ಅಜ್ಜ, ಗಂಡನ ರಕ್ತ ನೋಡಿ ಕಣ್ಣೀರು ಬರುವಂತೆ ನಗುತ್ತಿದ್ದ ನನ್ನನ್ನು ಕಂಡು ಎರಡು ಹೆಜ್ಜೆ ದೂರವೇ ನಿಂತ. ಗಾಳ ಕಳಚಿಕೊಂಡ ಮೀನು ಬಾಲ ಬೀಸಿ ನೀರಿಗೆ ಹೋಯಿತು.

ಬಸ್ಸಿನಲ್ಲಿ ಕೇಳಿದೆ, "ಮೊದಲಿನ ಎರಡು ಸಲ?"

"ಅದು ನಿನಗೆ ಬೇಕಾಗಿ ಹೇಳಿದ್ದು."

"ಮೂರನೆಯದ್ದು?"

"ಎಂತದೋ ಸ್ವಲ್ಪ ಗೊತ್ತಾಯ್ತು. ಮುಳ್ಳು ಮಾತ್ರ ಪೂರ್ತಿ ಗೊತ್ತಾಯ್ತು."

ದಾರಿಯುದ್ದಕ್ಕೂ ಹೆಬ್ಬೆರಳ ಉಗುರಿನಿಂದ ಆ ಜಾಗವನ್ನು ಒತ್ತಿ ಒತ್ತಿ ನೋಡುತ್ತಿದ್ದರು. ಬೇಡವೆನ್ನಲು ನನಗೆ ಮನಸ್ಸಾಗಲಿಲ್ಲ.

ರಾತ್ರಿಗೆ ಕುಚ್ಚಲಕ್ಕಿ ಅನ್ನ, ಫ್ರೀಜರಿನಲ್ಲಿದ್ದ ಬಂಗುಡೆಯ ಹುಳಿಖಾರದ ಪುಳಿಮುಂಚಿ. ಖಾರ ತಾಗಿ ಬೆರಳು ಉರಿಯುತ್ತದೆಂದು ಅವರು ಚಮಚದಲ್ಲಿ ಉಂಡರು, ಎರಡು ಸಲ ಬಡಿಸಿಕೊಂಡರು. ಎಂಟೂವರೆಗೆಲ್ಲ ಸೋಫಾದಲ್ಲೇ ನಿದ್ದೆ ಹೋದರು. ನಾನು ಪಾತ್ರೆ ತೊಳೆದು, ಅವರಿಗೆ ಹೊದಿಸಿ, ಆಮೇಲೆ ಮಲಗಿದೆ.